ಮಾರುವ ಮನೆಯ ಸುಣ್ಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಮಾರಿ ನೋಡು ಎನ್ನಲಿಲ್ಲ. ಮಾರುವುದು ಅವರಿಗೆ ಹೇಳಿಕೊಳ್ಳತಕ್ಕ ಕಾರ್ಯವಾಗಿ ತೋರಿರಲಾರದು. ಈಗ ಕಾಲ ಬೇರೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದ ಮೇಲೆ ದೊಡ್ಡಬಳ್ಳಾಪುರದ ಸುತ್ತಣ ಹಳ್ಳಿಗಳ ನೆಲಕ್ಕೆ ಬೆಲೆಯೇರಿದೆ. ರಾಜಘಟ್ಟದ ಗೃಹಸ್ಥನೊಬ್ಬನು ಹಿರಿಯರ ಮನೆಯನ್ನು ಮಾರಲೆಳಸಿದನೆನ್ನೋಣ. ಆತನು ಮೊದಲು ಗೋಡೆಗೆ ಸುಣ್ಣ ಹೊಡೆಸುವನು. ಬಳಿಕ ಗೆದ್ದಲು ತಿಂದ ತೊಲೆಗೆ ಬಣ್ಣ ಬಳಿಸುವನು. ಕೊಳ್ಳುವವರು ಬರುವ ದಿನ ನೀರಿನ ತೊಟ್ಟಿಯನ್ನು ಟ್ಯಾಂಕರಿನಿಂದ ತುಂಬಿಸಿ ನಲ್ಲಿಯನ್ನು ಧಾರಾಳವಾಗಿ ಬಿಡುವನು. ಈ ಮೂರೂ ಒಂದೇ ಜಾತಿಯ ಕೆಲಸಗಳೆ?

ಸುಣ್ಣದಲ್ಲಿ ದೋಷವಿಲ್ಲ. ಅಂಗಳ ಸಾರಿಸಿ ರಂಗವಲ್ಲಿಯಿಟ್ಟು ಬಂದವರನ್ನು ಕಾಣುವುದು ಮರ್ಯಾದೆ. ಹೆಣ್ಣು ನೋಡಲು ಬಂದವರ ಮುಂದೆ ಕನ್ಯೆಯು ರೇಷ್ಮೆಯ ಸೀರೆಯುಟ್ಟು ಬಂದರೆ ಅದನ್ನು ಯಾರೂ ವಂಚನೆಯೆನ್ನರು. ದಿನವೂ ಆಕೆ ಹಾಗೆಯೇ ಇರುವಳೆಂದು ಯಾರೂ ನಂಬುವುದಿಲ್ಲವಷ್ಟೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಮನೆಯ ವ್ಯಾಪಾರಕ್ಕೂ ಎಳೆದು ತರುವವರಿದ್ದಾರೆ. ಆ ಗಾದೆಯಿಂದ ಮದುವೆಗಳಿಗೇ ಎಷ್ಟು ಹಿತವಾಗಿದೆಯೆಂಬುದು ಬೇರೆ ಮಾತು.

ತೊಟ್ಟಿಯ ನೀರಿನ ಸಂಗತಿಯೇ ಬೇರೆ. ರೋಮಿನ ಸಿಸೆರೋ ಎಂಬ ಪಂಡಿತನು ಕ್ರಿ. ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇಂತಹುದೇ ಕಥೆಯೊಂದಿದೆ. ಕಾನಿಯಸ್ ಎಂಬ ರೋಮಿನ ಸಿರಿವಂತನು ಸಿರಾಕ್ಯೂಸ್ ನಗರದಲ್ಲಿ ತೋಟದ ಮನೆಯೊಂದನ್ನು ಕೊಳ್ಳಬಯಸಿದನು. ಪೀಥಿಯಸ್ ಎಂಬ ಲೇವಾದೇವಿಗಾರನು, ತನ್ನ ತೋಟವು ಮಾರಾಟಕ್ಕಿಲ್ಲ, ಆದರೆ ತಾವು ಊಟಕ್ಕೆ ದಯಮಾಡಿಸಬೇಕು ಎಂದು ಕರೆದು, ಬೆಸ್ತರನ್ನು ಕರೆಯಿಸಿ ಮರುದಿನ ತನ್ನ ತೋಟದ ಮುಂದೆಯೇ ಮೀನು ಹಿಡಿಯಬೇಕೆಂದು ಕಟ್ಟು ಮಾಡಿದನು. ಅತಿಥಿಯು ಬಂದು ನೋಡಿದರೆ ದಡದ ತುಂಬ ದೋಣಿಗಳು! ಬೆಸ್ತರು ಒಬ್ಬೊಬ್ಬರಾಗಿ ಬಂದು ಮೀನನ್ನು ಪೀಥಿಯಸನ ಕಾಲ ಬಳಿ ಸುರಿದರು. ಊರಿನ ಮೀನೆಲ್ಲ ಇಲ್ಲಿಯೇ ಇರುವುದೆಂದು ಅವನು ಹೇಳಲು, ಕಾನಿಯಸನು ಕೇಳಿದಷ್ಟು ಹಣಕ್ಕೆ ಒಪ್ಪಿ ಕೊಂಡುಬಿಟ್ಟನು. ಮರುದಿನ ನೋಡಿದರೆ ಒಂದು ದೋಣಿಯೂ ಇಲ್ಲ. ಬೆಸ್ತರಿಗೆ ಇಂದು ಹಬ್ಬವೇ ಎಂದು ನೆರೆಯವನನ್ನು ವಿಚಾರಿಸಿದ್ದಕ್ಕೆ, ಇಲ್ಲಿ ಯಾರೂ ಮೀನು ಹಿಡಿಯುವುದಿಲ್ಲ, ನಿನ್ನೆ ಏನಾಯಿತೋ ಎಂದು ತನಗೇ ಆಶ್ಚರ್ಯವಾಗಿತ್ತು ಎಂದನು.

ದೊಡ್ಡಬಳ್ಳಾಪುರದ ಸೀಮೆಯಲ್ಲಿ ಮೀನಿನ ಸ್ಥಾನದಲ್ಲಿ ನೀರಿದೆ. ಅಂತರ್ಜಲವು ಇಳಿದು, ಸಾವಿರ ಅಡಿ ಕೊರೆದರೂ ಒಣಗಿದ ಕೊಳವೆ ಬಾವಿಗಳುಂಟು. ತುಂಬಿದ ತೊಟ್ಟಿಯು ಬಾಯಿಬಿಟ್ಟು ಸುಳ್ಳು ಹೇಳುವುದಿಲ್ಲವಾದರೂ ನೋಡುವವನಿಗೆ ಅದರ ಅರ್ಥ ಒಂದೇ. 1882ರ ಸ್ವತ್ತು ವರ್ಗಾವಣೆಯ ಶಾಸನದ 55ನೆಯ ಪ್ರಕರಣವು, ಬೇರೆ ಕರಾರಿಲ್ಲದಿದ್ದರೆ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಾಣಲಾರದ ಮುಖ್ಯ ದೋಷವನ್ನು ಬಲ್ಲ ಮಾರುವವನು ತಾನೇ ತಿಳಿಸಬೇಕೆನ್ನುತ್ತದೆ. ತಿಳಿಸದಿದ್ದರೆ ಅದು ಮೋಸ. ಋಣಭಾರದ ಪತ್ರದಲ್ಲಿ ನೋಂದಾಯಿತ ಸಾಲ ಕಾಣುವುದೇ ಹೊರತು ಬತ್ತಿದ ಬಾವಿ ಕಾಣುವುದಿಲ್ಲ.

ಆದರೆ ನಿಜ ಹೇಳುವವನ ಕಷ್ಟವನ್ನು ಹಗುರವಾಗಿ ಎಣಿಸಲಾಗದು. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಮನೆ ಮಾರುವವನಿಗೆ, ಬಾವಿಯ ಮಾತೆತ್ತಿದೊಡನೆ ಬೆಲೆಯಿಂದ ಲಕ್ಷಗಳು ಕಳಚಿ ಬೀಳುವುವು. ಪಕ್ಕದ ಬೀದಿಯಲ್ಲಿ ಬಾಯಿ ಮುಚ್ಚಿಕೊಂಡವನ ಮನೆ ಪೂರ್ತಿ ಬೆಲೆಗೆ ಹೋಗುವುದು. ಹಾಗಿದ್ದರೂ ಆ ನಷ್ಟವು ಬಾವಿ ಬತ್ತಿದ ದಿನವೇ ಆದುದು. ಅದನ್ನು, ಬಾಳಿನ ಉಳಿತಾಯವನ್ನೆಲ್ಲ ತಂದಿರುವ ಮತ್ತೊಂದು ಸಂಸಾರದ ತಲೆಗೆ ಕಟ್ಟುವ ಅಧಿಕಾರ ಆತನ ಬಡತನಕ್ಕೆ ಎಲ್ಲಿಂದ ಬಂದೀತು?

ಇನ್ನು ನೆರೆಯವನ ಪಾಡು. ಅವನಿಗೆ ಎಲ್ಲವೂ ಗೊತ್ತು. ಕೊಳ್ಳುವವನು ಕೇಳಿದಾಗ, ಹಳೆಯ ಸ್ನೇಹಕ್ಕೆ ಕಟ್ಟುಬಿದ್ದು, ನೀರಿಗೇನು ಸ್ವಾಮಿ, ಬೇಕಾದಷ್ಟಿದೆ ಎನ್ನುವನು. ಮಾರಿದವನು ಬೆಂಗಳೂರಿಗೆ ಹೊರಟುಹೋಗುವನು. ವಾರ ಕಳೆಯುವುದರೊಳಗೆ ಹೊಸ ಒಕ್ಕಲಿನ ಹೆಂಗಸು ಖಾಲಿ ಕೊಡ ಹಿಡಿದು ಬಂದು ನಿಲ್ಲುವುದು ಇವನ ಬಾಗಿಲಿಗೇ.