ಬಿಚ್ಚಿಕೊಳ್ಳುವ ಗುಣ

ಚಿಕ್ಕಪಡಸಲಗಿಯ ಬ್ಯಾರೇಜು ಎಂದರೆ ಎಲ್ಲರಿಗೂ ನೆನಪಾಗುವುದು 1989. ಸರ್ಕಾರಕ್ಕೆ ಕಾದು ಸಾಕಾಗಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಹಾಕಿ, ಮೈಮುರಿದು ದುಡಿದು ಕೃಷ್ಣೆಗೆ ಕಟ್ಟಿದ ಒಡ್ಡು ಅದು. ನನ್ನ ಕಣ್ಣು ಹೋಗುವುದು ಮಾತ್ರ ಅದರ ಗೇಟುಗಳ ಕಡೆಗೆ. ಬೇಸಿಗೆಗೆಂದು ನೀರು ಹಿಡಿದಿಟ್ಟ ಒಡ್ಡು ಮಹಾಪೂರ ಬಂದಾಗ ಬಿಟ್ಟುಕೊಡಲೇಬೇಕು.

ಪ್ರೋಟೀನುಗಳ ಬಗ್ಗೆ ಓದುವಾಗ ಈ ಗೇಟುಗಳು ನೆನಪಾಗುತ್ತವೆ. ಪ್ರೋಟೀನ್ ಅಮೈನೋ ಆಮ್ಲಗಳ ಸರಪಳಿ. ಮಡಚಿಕೊಂಡು ಆಕಾರ ಪಡೆದಾಗಲೇ ಸಾಮಾನ್ಯವಾಗಿ ಅದಕ್ಕೊಂದು ಕೆಲಸ. ಆ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದೆಂಬ ನಕ್ಷೆಯನ್ನು 1963ರಲ್ಲಿ ಕೊಟ್ಟವರು ಜಿ.ಎನ್. ರಾಮಚಂದ್ರನ್, ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 2003ರಲ್ಲಿ ಅಮೆರಿಕದ ಡೇವಿಡ್ ಬೇಕರ್ ತಂಡ, ನಿಸರ್ಗದಲ್ಲಿ ಅದುವರೆಗೆ ಕಂಡಿರದ ಮಡಿಕೆಯನ್ನು ಕಂಪ್ಯೂಟರಿನಲ್ಲಿ ರೂಪಿಸಿ ಕಟ್ಟಿಯೂ ತೋರಿಸಿತು. ಹೆಸರು ಟಾಪ್7, ಉದ್ದ 93 ಅಮೈನೋ ಆಮ್ಲ. ನೀರು ಕುದಿಯುವ ಹತ್ತಿರದ ಶಾಖಕ್ಕೂ ಅದು ಬಿಚ್ಚಿಕೊಳ್ಳಲಿಲ್ಲ. ಆದರೆ ಅದಕ್ಕೆ ಮಾಡಲು ಕೆಲಸವೇ ಇರಲಿಲ್ಲ!

ನಮ್ಮ ಮೈಯ ಪ್ರೋಟೀನುಗಳಿಗೆ ಅಷ್ಟು ಹಟವಿಲ್ಲ. ಹೆಚ್ಚಿನವು ಕೆಲವೇ ಜಲಜನಕ ಬಂಧಗಳಷ್ಟು ಬಲದಿಂದ ನಿಂತಿವೆ. ಜ್ವರ ಬಹಳ ಏರಿದರೆ ಕಷ್ಟ. ಇದನ್ನು ನಿಸರ್ಗದ ಕೊರತೆ ಎನ್ನಲು ನನಗೆ ಮನಸ್ಸಿಲ್ಲ. ಕಿಣ್ವ ಅಲುಗಿದರೇ ಕೆಲಸ ಮಾಡೀತು. ಕೆಲಸ ಮುಗಿದದ್ದನ್ನು ಜೀವಕೋಶ ಬಿಚ್ಚಿ, ಅದೇ ಮಣಿಗಳಿಂದ ಇನ್ನೊಂದು ಸರ ಪೋಣಿಸುತ್ತದೆ. ಬಿಚ್ಚಲಾಗದೆ ಗಂಟುಗಟ್ಟಿದ ಪ್ರೋಟೀನು ಆಲ್‌ಝೈಮರ್ ರೋಗಿಯ ಮಿದುಳಿನಲ್ಲಿ ಸಿಗುತ್ತದೆ.

ಬೇಕರ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ಈಗ ಕೆಲಸ ಮಾಡುವ ಹೊಸ ಪ್ರೋಟೀನುಗಳೂ ತಯಾರಾಗುತ್ತಿವೆ. ಎಷ್ಟು ಶಾಖ ತಡೆಯುತ್ತದೆ ಎಂದು ನಾವು ಕೇಳುತ್ತೇವೆ. ಹೇಗೆ ಕೊಳೆಯುತ್ತದೆ ಎಂದು ಕಟ್ಟುವವನೇ ಮೊದಲು ಕೇಳಿಕೊಳ್ಳಬೇಡವೇ? ಪ್ಲಾಸ್ಟಿಕ್ ಬಂದಾಗ ಅದರ ಗಟ್ಟಿತನವನ್ನೇ ಹೊಗಳಿದೆವು; ಈಗ ಕಬ್ಬಿನ ಹೊಲ ಉಳುವಾಗ ನೇಗಿಲಿಗೆ ಸಿಗುವುದು ಅದೇ.

ಹಾಗೆಂದು ಗಟ್ಟಿತನವೇ ಬೇಡ ಎನ್ನಲು ನಮ್ಮ ಕಡೆಯ ಬಿಸಿಲು ಬಿಡುವುದಿಲ್ಲ. ಕೋವಿಡ್ ಕಾಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವನ್ ವರದರಾಜನ್ ತಂಡ ಲಸಿಕೆಗಾಗಿ ವೈರಸ್ಸಿನ ಮುಳ್ಳಿನ ತುಣುಕೊಂದನ್ನು ಸಿದ್ಧಪಡಿಸಿತು. ಶೂನ್ಯದಿಂದ ಕಟ್ಟಿದ್ದಲ್ಲ, ವೈರಸ್ಸಿನದನ್ನೇ ಆಯ್ದು ತಿದ್ದಿದ್ದು. ಒಣಪುಡಿಯ ರೂಪದಲ್ಲಿ ಅದು 100 ಡಿಗ್ರಿ ಶಾಖವನ್ನು 90 ನಿಮಿಷ ತಡೆಯಿತು. ಕರೆಂಟು ಹೋಗಿ ಫ್ರಿಜ್ ನಿಂತ ಊರಿನಲ್ಲಿ ಒಂದು ಮಗುವಿನ ಲಸಿಕೆ ಕೆಡುವುದು, ಕೆಡದಿರುವುದು ಇಂಥ ಗುಣದ ಮೇಲೆ ನಿಂತಿದೆ. ಆದರೆ ಆ ಗಟ್ಟಿತನ ಬೇಕಿರುವುದು ಸೀಸೆಯಿಂದ ತೋಳಿನವರೆಗೆ. ತೋಳಿನೊಳಗೆ ಇಳಿದ ಮೇಲೆ ರಕ್ಷಣಾ ಕೋಶಗಳು ಅದನ್ನು ನುಂಗಿ, ಚೂರುಚೂರಾಗಿ ಕತ್ತರಿಸಿ, ಕೆಲವು ಚೂರುಗಳನ್ನು ತಮ್ಮವರಿಗೆ ಎತ್ತಿ ತೋರಿಸುತ್ತವೆ.