ವಿಭಕ್ತ ಕುಟುಂಬ, ಅವಿಭಕ್ತ ಋಣ

ಅವಿಭಕ್ತ ಕುಟುಂಬಗಳು ಒಡೆದುದೇ ಇಂದಿನ ಧರ್ಮಹಾನಿಗೆ ಮೂಲವೆಂದು ಆರಾಧನೆ, ಉತ್ಸವಗಳಲ್ಲಿ ಕಲೆತಾಗಲೆಲ್ಲ ಹಿರಿಯರು ನಿಟ್ಟುಸಿರಿಡುವುದುಂಟು. ಈ ಮಾತನ್ನು ಸ್ವಲ್ಪ ವಿಚಾರಿಸಿ ನೋಡುವುದು ಯುಕ್ತ.

ಮನೆಗಳು ಒಡೆದುದಕ್ಕೆ ಮಕ್ಕಳ ದುರ್ಬುದ್ಧಿಯೊಂದೇ ಕಾರಣವಲ್ಲ. ಮೂರು ತಲೆಮಾರುಗಳನ್ನು ಒಂದೇ ಒಲೆಯ ಸುತ್ತ ಹಿಡಿದಿಟ್ಟಿದ್ದುದು ಬಹುಮಟ್ಟಿಗೆ ಜಮೀನಿನ ಹುಟ್ಟುವಳಿ. ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ನಮ್ಮ ರಾಜ್ಯದ ಗೇಣಿ ಜಮೀನುಗಳು ಸರಕಾರದ ಪಾಲಾಗಿ, ಉಳುವವನಿಗೆ ಸಲ್ಲುವಂತಾದವು. ಉಳುವವನಿಗೆ ಅದು ನ್ಯಾಯವೇ. ಗೇಣಿಯನ್ನೇ ನಂಬಿದ್ದ ಮನೆಗಳ ಮಕ್ಕಳು ನೌಕರಿಯನ್ನರಸಿ ಬೆಂಗಳೂರು, ಮುಂಬಯಿಗಳಿಗೆ ಹೊರಟರು. ಇನ್ನೊಂದು ಮಾತು: ಆ ದೊಡ್ಡ ಮನೆಯ ಸುಖವನ್ನು ನೆನೆಯುವವರು ಹೆಚ್ಚಾಗಿ ಗಂಡಸರು. ನಸುಕಿನಲ್ಲೆದ್ದು ಮಡಿಯುಟ್ಟು, ಎಲ್ಲರ ಊಟವಾದ ಮೇಲೆ ಉಳಿದುದನ್ನುಂಡ ಸೊಸೆಯರನ್ನು ಕೇಳಿದರೆ ಬೇರೆ ಕಥೆಯೇ ಹೊರಟೀತು.

ಶಾಸ್ತ್ರವಾದರೂ ವಿಭಾಗವನ್ನು ಪಾಪವೆನ್ನಲಿಲ್ಲ. ಸಹೋದರರು ಕೂಡಿ ಇರಬಹುದು, ಧರ್ಮಾಪೇಕ್ಷೆಯಿಂದ ಬೇರೆಯಾಗಿಯೂ ಇರಬಹುದು. ಬೇರೆಯಾದರೆ ಧರ್ಮವು ವೃದ್ಧಿಸುವುದೆಂದು ಮನುವಿನ ಅಭಿಪ್ರಾಯ. ಕೂಡಿದ್ದಾಗ ದೇವಪೂಜೆ, ವೈಶ್ವದೇವ, ಶ್ರಾದ್ಧ, ಅತಿಥಿಸತ್ಕಾರಗಳು ಎಲ್ಲರ ಪರವಾಗಿ ಒಂದೆಡೆ ನಡೆಯುತ್ತಿದ್ದವು. ಬೇರೆಯಾದ ಮೇಲೆ ಪ್ರತಿಯೊಂದು ಮನೆಯಲ್ಲಿಯೂ ನಡೆಯಬೇಕು. ಅಂದಮೇಲೆ ಬೇರೆ ಮನೆ ಹೂಡಿದವನ ಹೊಣೆ ಹೆಚ್ಚಿತೇ ಹೊರತು ಇಳಿಯಲಿಲ್ಲ.

ಕುಟುಂಬದ ಆಸ್ತಿಯ ವಿಷಯದಲ್ಲಿ ಭಾರತದ ಬಹುಭಾಗಕ್ಕೆ ಪ್ರಮಾಣವಾದ ಮಿತಾಕ್ಷರೆಯು ರಚಿತವಾದುದು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ವಿಜ್ಞಾನೇಶ್ವರನು ಅದರಲ್ಲಿ ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯಂತೆ, ತಂದೆಯ ತರುವಾಯ ಭಾಗವಾಗುವ ಮಕ್ಕಳು ಸ್ವತ್ತಿನೊಡನೆ ಸಾಲವನ್ನೂ ಸಮನಾಗಿ ಹಂಚಿಕೊಳ್ಳತಕ್ಕದ್ದು. ತಾಯಿಗೂ ಮಕ್ಕಳಿಗೆ ಸಮನಾದ ಒಂದು ಭಾಗವುಂಟು.

ಇಂದು ನಾವು ಮಾಡುತ್ತಿರುವುದೇನು? ಹಿರಿಯವನಲ್ಲಿ ನಾಲ್ಕು ತಿಂಗಳು, ನಡುವಿನವನಲ್ಲಿ ನಾಲ್ಕು, ಕಿರಿಯವನಲ್ಲಿ ನಾಲ್ಕು ಎಂದು ತಾಯಿಗೆ ಪಾಳಿ ಗೊತ್ತುಮಾಡುತ್ತೇವೆ. ಒಂದು ಚೀಲದಲ್ಲಿ ನಾಲ್ಕು ಸೀರೆ, ಜಪಮಣಿ, ಔಷಧದ ಸೀಸೆಗಳನ್ನಿಟ್ಟುಕೊಂಡು ಆಕೆ ಊರಿಂದೂರಿಗೆ ಹೊರಡುತ್ತಾಳೆ. ಒಂದೆಡೆ ನೆಟ್ಟ ತುಳಸಿಗೆ ನೀರೆರೆಯಲು ಮುಂದಿನ ತಿಂಗಳು ಆಕೆಯಿಲ್ಲ. ಭಾಗವನ್ನು ಪಡೆಯಬೇಕಾದವಳೇ ಭಾಗವಾಗಿ ಹಂಚಿಹೋದಳು. ವೃದ್ಧ ತಂದೆತಾಯಿಗಳು ಮಕ್ಕಳಿಂದ ಜೀವನಾಂಶವನ್ನು ಕೇಳಿ ಅರ್ಜಿ ಸಲ್ಲಿಸಬಹುದೆಂದು 2007ರಲ್ಲಿ ಕೇಂದ್ರ ಸರಕಾರವು ಕಾಯಿದೆಯನ್ನೇ ಮಾಡಬೇಕಾಯಿತು. ಅದರಿಂದ ಅನ್ನ, ಔಷಧ ದೊರೆತಾವು, ಆದರವು ದೊರೆಯಲಾರದು.

ಹಳೆಯ ತೊಟ್ಟಿಮನೆಯನ್ನು ಮತ್ತೆ ಕಟ್ಟಲಾಗದು, ಕಟ್ಟಬೇಕೆಂದೂ ಇಲ್ಲ. ಎರಡು ಕೋಣೆಗಳ ಮನೆಯಲ್ಲಿಯೂ ಪಿತೃಋಣವು ತೀರೀತು. ತಂದೆಯ ಶ್ರಾದ್ಧದಂದು ಪಿತೃಗಳ ತೃಪ್ತಿಗಾಗಿ ಅಷ್ಟೊಂದು ಶ್ರಮಿಸುವ ನಾವು, ಪಾಳಿಯ ಪಟ್ಟಿಯನ್ನು ಬರೆಯುವ ಮುನ್ನ ಒಂದು ಮಾತನ್ನು ಕೇಳಿದೆವೆಯೇ ಎಂದು ಓದುಗರು ತಮ್ಮ ಮನಸ್ಸನ್ನೇ ಪ್ರಶ್ನಿಸಿಕೊಳ್ಳಬೇಕು: “ಅಮ್ಮಾ, ನಿನಗೆ ಎಲ್ಲಿರಲು ಇಷ್ಟ?”