ಕಂಬಳಿಯ ಮೇಲಿನ ರಕ್ಕಸತಂಗಡಿ

ಮಾಗಿಯ ಒಂದು ರಾತ್ರಿ ನಾಲತವಾಡದ ನಮ್ಮ ಪಡಸಾಲೆಯಲ್ಲಿ ವಿಜಯನಗರ ಎರಡನೆಯ ಸಲ ಸೋತಿತು. ಸೋಲಿಸಿದವರು ಸುಲ್ತಾನರಲ್ಲ, ನಾನು.

ಪುಣೆಯಲ್ಲಿರುವ ತಮ್ಮ ಎಳ್ಳಮಾಸಿಗೆ ಬಂದಾಗ ಮೊಬೈಲಿನಲ್ಲಿ ಒಂದು ಆಟ ತೋರಿಸಿದ್ದ. ವಿದೇಶದ ಗೆಳೆಯರು ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನು ನಿಲ್ಲಿಸಿ, ಹಿಮಕ್ಕೆಂದು ಉಪ್ಪು ಉದುರಿಸಿ, 1812ರಲ್ಲಿ ನೆಪೋಲಿಯನ್ ಮಾಸ್ಕೋದಿಂದ ಹಿಂದೆ ಸರಿದದ್ದನ್ನು ಮತ್ತೆ ಆಡುತ್ತಿದ್ದರು. ನಮಗೂ ಒಂದು ಚಳಿಗಾಲದ ಯುದ್ಧ ಬೇಕೆನ್ನಿಸಿತು. ದೂರ ಹೋಗಬೇಕಾಗಿರಲಿಲ್ಲ. 1565ರ ಜನವರಿ 23ರಂದು ಅಳಿಯ ರಾಮರಾಯನಿಗೂ ನಾಲ್ವರು ಸುಲ್ತಾನರಿಗೂ ಆದ ಕಾಳಗದ ಹೆಸರಿನಲ್ಲಿರುವ ರಕ್ಕಸಗಿ, ತಂಗಡಗಿ ಎರಡೂ ನಮ್ಮ ಮುದ್ದೇಬಿಹಾಳ ಸೀಮೆಯವು. ಸುಲ್ತಾನರ ದಂಡು ಬೀಡುಬಿಟ್ಟ ತಾಳಿಕೋಟಿಯೂ ನಮಗೆ ಸಂತೆಯ ಹಾದಿಯೇ.

ಅದೇ ತಾರೀಖಿಗೆ ಗೆಳೆಯರನ್ನೂ ಮಾಸ್ತರನ್ನೂ ಕರೆದೆ. ಕರಿ ಕಂಬಳಿ ಹಾಸಿದರೆ ಎರೆಭೂಮಿ ಆಯಿತು. ಅವ್ವನ ಹಳೆಯ ನೀಲಿ ಸೀರೆ ಕೃಷ್ಣಾ ಹೊಳೆ. ಕಂಬಳಿಯ ಕೆಳಗೆ ಮಡಚಿಟ್ಟ ಗೋಣಿಚೀಲ ದಿಬ್ಬ. ಜೋಳದ ಕಾಳು ಕಾಲಾಳು, ಕಡಲೆ ಕುದುರೆ, ಹುಣಸೆಬೀಜ ಆನೆ, ಬಾಟಲಿಯ ಮುಚ್ಚಳ ತೋಪು. ಕುದುರೆ ಒಂದು ಗೇಣು ನಡೆಯಬೇಕು, ಆನೆ ಅರ್ಧ ಗೇಣು, ತೋಪು ನಾಲ್ಕು ಬೆರಳು. ಸಾವುನೋವು ಕವಡೆಗೆ ಬಿಟ್ಟದ್ದು. ಒಬ್ಬ ಹಿಡಿ ಹತ್ತಿ ತಂದಿದ್ದ. "ಬರ್ಫ ಬ್ಯಾಡೇನು?" ಎಂದ. "ಬರ್ಫ ಎಲ್ಲಿದಪಾ, ಬಿಳಿಜೋಳ ಹಾಲಗಾಳಿಗೆ ಬಂದಾಗ ನಡದ ಯುದ್ಧ ಇದು" ಎಂದು ಮಾಸ್ತರು ಹತ್ತಿಯನ್ನು ಕಿವಿಗೆ ತುರುಕಿಕೊಂಡರು.

ನಮ್ಮ ಚಳಿಗಾಲದಲ್ಲಿ ದಂಡು ಹೆಪ್ಪುಗಟ್ಟಿ ಸಾಯುವುದಿಲ್ಲ, ದಂಡು ಹೊರಡುವುದೇ ಆಗ. ಮಳೆಗಾಲದಲ್ಲಿ ಎರೆಮಣ್ಣು ಬಂಡಿಯ ಗಾಲಿ ನುಂಗುತ್ತದೆ, ತೋಪು ಎಳೆಯುವ ಎತ್ತು ಮೊಳಕಾಲೂರುತ್ತದೆ. ದಸರೆ ದಾಟಿ, ನೆಲ ಗಟ್ಟಿಯಾಗಿ, ಹೊಳೆ ಇಳಿದರೆ ಹಾಯಲು ದಾರಿ ಸಿಗುತ್ತದೆ. ಕುದುರೆಗೆ ಮೇವು ಹೊಲದಲ್ಲೇ ನಿಂತಿರುತ್ತದೆ. ಯಾರ ಹೊಲ ಎಂದು ಯಾವ ಬಖೈರಿನವನೂ ಬರೆದಿಡಲಿಲ್ಲ. ನಮ್ಮ ಕಂಬಳಿಯ ಮೇಲೂ ಆ ಹೊಲದವನಿಗೊಂದು ಕಾಳು ಇರಲಿಲ್ಲ.

ಮಾಸ್ತರು ಪಂಚರಾದರು. ಅಹ್ಮದನಗರದ ಹುಸೇನ್ ನಿಜಾಮ್ ಶಾಹ ಒಬ್ಬನ ಪಾಲು, ವಿಜಯಪುರದ ಅಲಿ ಆದಿಲ್ ಶಾಹ ಇನ್ನೊಬ್ಬನ ಪಾಲು, ಗೋಲ್ಕೊಂಡ-ಬೀದರಗಳೆರಡೂ ಮತ್ತೊಬ್ಬನವು. ರಾಮರಾಯ ನಾನು. ನನ್ನ ಕೈಕೆಳಗೆ ಇಬ್ಬರು ಮುಸಲ್ಮಾನ ಸರದಾರರ ಒಂದು ದಂಡಿತ್ತು. ಗಿಲಾನಿ ಸೋದರರು ಎಂದು ನಾವು ಕೇಳುತ್ತ ಬಂದವರು, ಯುದ್ಧದ ನಡುವೆ ತಿರುಗಿಬಿದ್ದರೆಂದು ಹೆಸರಾದವರು. ಟ್ರ್ಯಾಕ್ಟರ್ ರಿಪೇರಿಯ ನನ್ನ ಗೆಳೆಯ ಆ ಕಾಳುಗಳನ್ನು ತನ್ನತ್ತ ಎಳೆದುಕೊಂಡು, "ಇವ್ರು ನಮ್ಮಂದಿ, ನನಗ ಇರ್ಲಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ರಾಮರಾಯ ಮಾಡಿದ ತಪ್ಪುಗಳನ್ನೆಲ್ಲ ಓದಿಕೊಂಡೇ ಕುಳಿತಿದ್ದೆ. ಹೊಳೆ ಹಾಯುವ ಜಾಗವನ್ನು ವಿಜಯನಗರದವರು ಕಾಯುತ್ತಿದ್ದಾರೆಂದು ಗೊತ್ತಾದಾಗ ಸುಲ್ತಾನರು ದಂಡೆಗುಂಟ ಬೇರೆ ಕಡೆ ಹೊರಟಂತೆ ನಟಿಸಿದರು. ಇವರ ದಂಡೂ ಆಚೆ ದಂಡೆಯಲ್ಲಿ ಅವರ ಬೆನ್ನುಹತ್ತಿತು. ಅವರು ಸರಕ್ಕನೆ ತಿರುಗಿ ಬಂದು ಮೊದಲಿನ ಜಾಗದಲ್ಲೇ ದಾಟಿದರು. ನಾನು ಆ ಬಲೆಗೆ ಬೀಳಲಿಲ್ಲ. ಎದುರಿನವರು ಎಷ್ಟು ಅತ್ತಿತ್ತ ಸರಿದರೂ ಒಂದು ಕಾಳೂ ಅಲುಗಿಸಲಿಲ್ಲ. ವಯಸ್ಸಾದ ರಾಮರಾಯ ಮೇಣೆಯಲ್ಲಿ ಕುಳಿತು ಸೆರೆಸಿಕ್ಕನೆಂದು ನೆನಪಿಟ್ಟು ನನ್ನ ಅರಸನನ್ನು ಕುದುರೆಗೆ ಹತ್ತಿಸಿದೆ. ಗಿಲಾನಿಗಳ ದಂಡನ್ನು ಎಲ್ಲರ ಹಿಂದೆ, ಸಾಮಾನಿನ ಬಂಡಿಗಳ ಮಗ್ಗುಲಿಗೆ ನಿಲ್ಲಿಸಿದೆ. ಅಲ್ಲಿಂದ ತಿರುಗಿಬಿದ್ದರೂ ಕೆಡುವುದೇನಿರಲಿಲ್ಲ.

ನಡುರಾತ್ರಿಯವರೆಗೂ ಗೆಲುವು ನನ್ನದೇ ಅನ್ನಿಸಿತ್ತು. ಆಗ ನಿಜಾಮ್ ಶಾಹನ ತೋಪುಗಳು ಮಾತಾಡಿದವು. ತೋಪಿನ ಬಾಯಿಗೆ ತಾಮ್ರದ ದುಡ್ಡಿನ ಚೀಲ ತುಂಬಿ ಹಾರಿಸಿದರೆಂದು ಇತಿಹಾಸಕಾರ ಫೆರಿಷ್ತ ಬರೆದಿದ್ದಾನಲ್ಲ, ಅದಕ್ಕಾಗಿ ನಾವು ಎರಡು ಪಟ್ಟು ಸಾವಿನ ನಿಯಮ ಇಟ್ಟಿದ್ದೆವು. ಕವಡೆ ಎದುರಿನವನ ಕಡೆಯೇ ಬಿದ್ದವು. ನಡುಗಡೆ ಅಂಗೈಯಗಲ ತೂತು ಬಿತ್ತು. ತುಂಬಲು ದಂಡು ಬೇಕು. ಹತ್ತಿರವಿದ್ದದ್ದು ಗೆಳೆಯನದು. ಒಂದೇ ಗೇಣು. ಮಾಸ್ತರು ಎರಡು ಸಲ ಕೇಳಿದರು, "ಹಿಂದಿನ ದಂಡು ಕರೀತೀಯೇನು?" ನಾನು ಕರೆಯಲಿಲ್ಲ. ದೂರದಲ್ಲಿದ್ದ, ರಾಮರಾಯನ ತಮ್ಮ ವೆಂಕಟಾದ್ರಿಗೆ ಹೇಳಿಕಳಿಸಿದೆ. ಅವನು ಮೂರು ಗೇಣು ನಡೆದು ಬರುವಷ್ಟರಲ್ಲಿ ಕಂಬಳಿಯ ನಡು ಬರಿದಾಗಿತ್ತು.

ಗೆಳೆಯನ ಕಾಳುಗಳು ಇಟ್ಟಲ್ಲೇ ಇದ್ದವು. ರಾತ್ರಿಯುದ್ದಕ್ಕೂ ಅವನು ಕುಳ್ಳಿನ ಬೆಂಕಿ ಕೆದಕಿ, ನಮಗೆಲ್ಲ ಸೀತನಿ ಸುಟ್ಟು ಸುಟ್ಟು ಕೊಟ್ಟಿದ್ದ.

"ನನ್ನ ಯಾಕ ಕೂಡ್ಸಿಟ್ಟಿ?"

"ಇತಿಹಾಸದಾಗ ಹಂಗ ಐತೆಲ್ಲೋ" ಎಂದೆ.

"ಇತಿಹಾಸದಾಗ ನಾ ಇದ್ನೇನು?"

ಸಿಟ್ಟಿನಿಂದ ಅಂದದ್ದಲ್ಲ. ಕೈಗಂಟಿದ ಬೂದಿ ಕೊಡವಿಕೊಳ್ಳುತ್ತ ಅಂದ. ಚಾ ಕುಡಿದು, ಮಫ್ಲರ್ ಸುತ್ತಿಕೊಂಡು ಮನೆಗೆ ಹೋದ.

ಆಮೇಲೆ ನಿದ್ದೆ ಬರಲಿಲ್ಲ. ನನಗೆ ಗೊತ್ತಿದೆ ಎಂದುಕೊಂಡದ್ದು ಏನು? ಆ ದ್ರೋಹದ ಮಾತು ಬಂದದ್ದು ಸೀಸರ್ ಫ್ರೆಡರಿಕ್ ಎಂಬ ವೆನಿಸ್ಸಿನ ವ್ಯಾಪಾರಿಯಿಂದ. ಅವನು ವಿಜಯನಗರಕ್ಕೆ ಬಂದದ್ದು 1567ರಲ್ಲಿ, ಯುದ್ಧವಾಗಿ ಎರಡು ವರ್ಷಕ್ಕೆ. ಕಣ್ಣಾರೆ ಕಂಡದ್ದಲ್ಲ, ಸೋತ ಊರಿನಲ್ಲಿ ಕೇಳಿದ್ದು. ಸೋತ ಊರಿಗೆ ತೋಪಿನ ಲೆಕ್ಕ, ಹೊಳೆ ದಾಟಿದ ಯುಕ್ತಿ ಇವೆಲ್ಲ ಸಮಾಧಾನ ಕೊಡುವುದಿಲ್ಲ, ಮನೆಯೊಳಗಿನ ಒಬ್ಬ ಬೇಕಾಗುತ್ತಾನೆ. ದ್ರೋಹ ನಡೆದೇ ಇರಬಹುದು, ಅದನ್ನು ಅಳಿಸುವ ಹಟ ನನಗಿಲ್ಲ. ಆದರೆ ರಾಮರಾಯನನ್ನು ತಂದೆ ಎಂದು ಕರೆದಿದ್ದ ಅಲಿ ಆದಿಲ್ ಶಾಹನೇ ಎದುರು ಸಾಲಿನಲ್ಲಿ ನಿಂತಿದ್ದ, ಆ ಪಾತ್ರ ಆಡಿದವನು ನನ್ನ ದಾಯಾದಿ. ಅವನ ಪಕ್ಕದಲ್ಲಿ ಕುಳಿತು ಒಂದೇ ತಾಟಿನಲ್ಲಿ ಸಜ್ಜಿರೊಟ್ಟಿ ತಿನ್ನುವಾಗ ನನಗೆ ಏನೂ ಅನ್ನಿಸಿರಲಿಲ್ಲ.

1824ರ ಸುಮಾರಿಗೆ ಪ್ರಷ್ಯದ ರೈಸ್ವಿಟ್ಜ್ ಎಂಬ ಸೇನಾಧಿಕಾರಿ ತನ್ನ ಸೈನ್ಯಕ್ಕೆ ಇಂಥದೇ ಆಟ ಕಲಿಸಿದಾಗ ಒಂದು ಕಟ್ಟು ಹಾಕಿದ್ದ. ತನ್ನ ಬೇಹಿನವರಿಗೆ ಕಂಡಷ್ಟೇ ಆಟಗಾರನಿಗೂ ಗೊತ್ತಾಗಬೇಕು, ಉಳಿದದ್ದು ಪಂಚನ ಮನಸ್ಸಿನಲ್ಲೇ ಇರಬೇಕು. ಕುರುಡಾಗಿ ಆಡಿಸುವ ಆ ನಿಯಮ ಓದಿದಾಗ ತಮಾಷೆ ಅನ್ನಿಸಿತ್ತು. ಈಗ ನೋಡಿದರೆ ನಾನೇ ಅದಕ್ಕಿಂತ ಕುರುಡಾಗಿ ಆಡಿದ್ದೆ. ನನ್ನ ಬೇಹಿನವರು ಹಿಂದಿನ ದಂಡಿನ ಬಗ್ಗೆ ಕೆಟ್ಟ ಸುದ್ದಿ ತಂದೇ ಇರಲಿಲ್ಲ. ಎದುರಿಗೆ ಕುಳಿತವನನ್ನು ಮೂವತ್ತು ವರ್ಷದಿಂದ ಬಲ್ಲೆ. ಹಗೇವಿಗೆ ಬಿದ್ದ ನಮ್ಮ ಕರುವನ್ನು ಮೇಲೆತ್ತಿದವನು ಅವನು. ಅದೆಲ್ಲ ಬಿಟ್ಟು, ನಾನೂರೈವತ್ತು ವರ್ಷದ ಹಿಂದಿನ ಯಾವನೋ ವ್ಯಾಪಾರಿ ಕೇಳಿಬರೆದ ಮಾತನ್ನು ಅವನ ಕೊರಳಿಗೆ ಕಟ್ಟಿದೆ. ರಾಮರಾಯನಾದರೂ ಆ ಸರದಾರರನ್ನು ಯುದ್ಧಕ್ಕೆ ನಿಲ್ಲಿಸಿದ್ದನಲ್ಲ ಎಂಬುದು ಬೆಳಗಿನ ಜಾವಕ್ಕೆ ಹೊಳೆಯಿತು.

ಮರುದಿನ ಅವ್ವ ಮೊರದಲ್ಲಿ ಕಾಳು ಕೇರಿ ಬೇರ್ಪಡಿಸುತ್ತಿದ್ದಳು, ಬೈಯುತ್ತಲೇ ಇದ್ದಳು. ಹುಣಸೆಬೀಜ ಮಾತ್ರ ನಾನು ಡಬ್ಬಿಗೆ ಹಾಕಿಟ್ಟೆ.

ನಾಲ್ಕು ದಿನ ಬಿಟ್ಟು ಬಸ್ ಸ್ಟ್ಯಾಂಡಿನ ಹತ್ತಿರ ಗೆಳೆಯ ಸಿಕ್ಕ. ಟ್ರಾಲಿಯ ಕೆಳಗೆ ಮಲಗಿ ನಟ್ಟು ಬಿಚ್ಚುತ್ತಿದ್ದ. ನಾನು ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಅಂದ, "ಮುಂದಿನ ಅಮಾಸಿಗೆ ಮತ್ತ ಆಡೂಣು. ರಾಮರಾಯ ನಾ ಆಗ್ತೀನಿ, ಗಿಲಾನಿ ನೀ ಆಗು."

"ನನ್ನ ಎಲ್ಲಿ ನಿಲ್ಲಸ್ತಿ?"

ಪಾನಾ ಕೊಡು ಎಂದು ಕೈ ಚಾಚಿದ. ಕೊಟ್ಟೆ. ನಟ್ಟು ಬಿಗಿಯುವುದರಲ್ಲೇ ಮಗ್ನನಾದ, ಹೇಳಲಿಲ್ಲ.